ಪರದೆಯ ಮೇಲಿನ ಕಟಕಟೆ: ವಿಡಿಯೊ ವಿಚಾರಣೆಯಲ್ಲಿ ಆರೋಪಿಯ ಪರ ವಾದಿಸುವುದು ಹೇಗೆ?

2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ನ್ಯಾಯಾಲಯಗಳ ಬಾಗಿಲು ಮುಚ್ಚಿದಾಗ, ವಿಡಿಯೊ ಕಾನ್ಫರೆನ್ಸ್ (ವಿ.ಸಿ.) ಕೆಲವು ತಿಂಗಳ ತಾತ್ಕಾಲಿಕ ಏರ್ಪಾಡು ಎಂದೇ ನಮ್ಮಲ್ಲಿ ಹೆಚ್ಚಿನವರು ಭಾವಿಸಿದ್ದೆವು. ಆ ವರ್ಷದ ಏಪ್ರಿಲ್ 6ರಂದು ಸುಪ್ರೀಂ ಕೋರ್ಟ್ ಸಂವಿಧಾನದ 142ನೇ ವಿಧಿಯ ಅಧಿಕಾರ ಬಳಸಿ ಮಾರ್ಗಸೂಚಿ ನೀಡಿತು. ಕರ್ನಾಟಕ ಹೈಕೋರ್ಟ್ ಕೂಡ 2020ರಲ್ಲೇ ತನ್ನ ನಿಯಮಗಳನ್ನು ರೂಪಿಸಿತು. ಸಾಂಕ್ರಾಮಿಕ ಹೋಯಿತು, ಪರದೆ ಉಳಿಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 530ನೇ ಕಲಮು ವಿಚಾರಣೆಯ ಎಲ್ಲ ಹಂತಗಳನ್ನೂ ಎಲೆಕ್ಟ್ರಾನಿಕ್ ವಿಧಾನದಲ್ಲಿ ನಡೆಸಲು ಅವಕಾಶ ಕೊಟ್ಟಿದೆ. ಆದ್ದರಿಂದ ಕ್ರಿಮಿನಲ್ ವಕೀಲಿಕೆಗೆ ಕಾಲಿಡುವ ಕಿರಿಯರು ಇದನ್ನು ಕಸುಬಿನ ಭಾಗವಾಗಿಯೇ ಕಲಿಯಬೇಕಾಗಿದೆ.

ಎಲ್ಲಕ್ಕಿಂತ ಮೊದಲು, ಖಾಸಗಿಯಾಗಿ ಎರಡು ಮಾತು

ಲಾಕ್‌ಡೌನಿನ ದಿನಗಳಲ್ಲಿ ನನ್ನ ಕಕ್ಷಿದಾರನೊಬ್ಬ ಜೈಲಿನ ವಿ.ಸಿ. ಕೊಠಡಿಯಿಂದ ಹಾಜರಾಗಿದ್ದ. ಪರದೆಯಲ್ಲಿ ಅವನ ಮುಖ ಮತ್ತು ಎದೆಯವರೆಗಿನ ಭಾಗ ಮಾತ್ರ ಕಾಣುತ್ತಿತ್ತು; ಪಕ್ಕದಲ್ಲಿ ನಿಂತಿದ್ದ ಸಿಬ್ಬಂದಿಯ ಖಾಕಿ ತೋಳೊಂದು ಆಗಾಗ ಚೌಕಟ್ಟಿನೊಳಗೆ ಬಂದುಹೋಗುತ್ತಿತ್ತು. ಏನಾದರೂ ಹೇಳುವುದಿದೆಯೇ ಎಂದು ನ್ಯಾಯಾಧೀಶರು ಕೇಳಿದರು. ಅವನು ಒಮ್ಮೆ ಪಕ್ಕಕ್ಕೆ ನೋಡಿ, 'ಇಲ್ಲ ಸ್ವಾಮಿ' ಎಂದ. ಬಂಧನದ ಅವಧಿ ಮುಂದುವರಿಯಿತು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಲ್ಲ. ವಾರಗಳ ನಂತರ ಭೇಟಿಗೆ ಅವಕಾಶ ಸಿಕ್ಕಾಗಲೇ, ಅವನ ಎಡ ಮೊಣಕೈ ಊದಿಕೊಂಡಿತ್ತೆಂದೂ, ಪ್ರಶ್ನೆ ಅವನಿಗೆ ಅರ್ಧ ಮಾತ್ರ ಕೇಳಿಸಿತ್ತೆಂದೂ ನನಗೆ ತಿಳಿದದ್ದು. ಅವನೊಂದಿಗೆ ಖಾಸಗಿಯಾಗಿ ಮಾತನಾಡುವ ಅವಕಾಶವನ್ನು ನಾನು ಅಂದು ಬೇಡಲಿಲ್ಲ ಎಂಬ ಸಂಕಟ ಇಂದಿಗೂ ಹೋಗಿಲ್ಲ.

ತೆರೆದ ನ್ಯಾಯಾಲಯದಲ್ಲಿ ಈ ಅವಕಾಶವನ್ನು ಯಾರೂ ಬೇಡಬೇಕಿರಲಿಲ್ಲ. ವರಾಂಡದಲ್ಲಿ, ಕಟಕಟೆಯ ಪಕ್ಕದಲ್ಲಿ ಕಿವಿಯಲ್ಲಿ ಎರಡು ಮಾತು ಆಡಿಬಿಡುತ್ತಿದ್ದೆವು. ಪರದೆ ಬಂದ ಮೇಲೆ ಅದನ್ನು ಅರ್ಜಿ ಹಾಕಿ ಪಡೆಯಬೇಕಾಗಿದೆ. ಹಾಗಾಗಿ ಪ್ರತಿ ವಿ.ಸಿ. ಹಾಜರಾತಿಗೆ ಮುನ್ನ ಒಂದು ಸಣ್ಣ ಮೆಮೊ ಸಲ್ಲಿಸಿ: ಪ್ರಕರಣ ಕರೆಯುವ ಮೊದಲು ಕಕ್ಷಿದಾರನೊಂದಿಗೆ ಪ್ರತ್ಯೇಕ ಸಂಪರ್ಕದಲ್ಲಿ ಮಾತನಾಡಲು ಸಮಯ ಬೇಕು, ಆ ವೇಳೆ ಜೈಲು ಸಿಬ್ಬಂದಿ ಅವನನ್ನು ನೋಡುವಷ್ಟು ದೂರದಲ್ಲಿರಲಿ, ಆದರೆ ಮಾತು ಕೇಳುವಷ್ಟು ಹತ್ತಿರದಲ್ಲಿ ಬೇಡ. ಇಷ್ಟವಾದ ವಕೀಲರನ್ನು ಸಂಪರ್ಕಿಸುವ ಹಕ್ಕನ್ನು ಸಂವಿಧಾನದ 22(1)ನೇ ವಿಧಿ ಕೊಟ್ಟಿದೆ, ವಕೀಲ–ಕಕ್ಷಿದಾರರ ಮಾತಿನ ಗೋಪ್ಯತೆಯನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ಕಾಯುತ್ತದೆ. ಮೆಮೊದಲ್ಲಿ ಎರಡನ್ನೂ ಉಲ್ಲೇಖಿಸಿ. ಕೋರಿಕೆ ತಿರಸ್ಕೃತವಾದರೆ ಆ ಮಾತು ಆರ್ಡರ್ ಶೀಟಿನಲ್ಲಿ ಬರುವಂತೆ ನೋಡಿಕೊಳ್ಳಿ. ವಿಚಾರಣೆಯ ನಡುವೆ ವಕೀಲರೊಡನೆ ಮಾತನಾಡಬೇಕೆನಿಸಿದರೆ ಬಲಗೈ ಎತ್ತಬೇಕು ಎಂದು ಕಕ್ಷಿದಾರನಿಗೆ ಮೊದಲೇ ಹೇಳಿಕೊಟ್ಟು, ಅದನ್ನು ನ್ಯಾಯಾಲಯದ ಗಮನಕ್ಕೂ ತನ್ನಿ. ವಕೀಲರನ್ನು ಇಟ್ಟುಕೊಳ್ಳಲು ಶಕ್ತಿಯಿಲ್ಲದ ಕುಟುಂಬಗಳು ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಗೆ ಕರೆ ಮಾಡಬಹುದು.

ರಿಮಾಂಡ್: ದಿನ ಎಣಿಸುವ ಕೆಲಸ ನಿಮ್ಮದು

ರಿಮಾಂಡ್ ಎಂದರೆ ಆರೋಪಿಯನ್ನು ಬಂಧನದಲ್ಲಿಡಲು ನ್ಯಾಯಾಲಯ ಕೊಡುವ ಆದೇಶ. ಬಂಧನದ ನಂತರದ ಮೊದಲ ಹಾಜರಿ ಖುದ್ದಾಗಿಯೇ ಆಗಬೇಕು. ಪೊಲೀಸ್ ಕಸ್ಟಡಿಯಲ್ಲಿರುವಷ್ಟು ದಿನವೂ ಪ್ರತಿ ಬಾರಿ ಖುದ್ದು ಹಾಜರುಪಡಿಸಬೇಕು ಎನ್ನುತ್ತದೆ ಸಂಹಿತೆಯ 187ನೇ ಕಲಮು. ನ್ಯಾಯಾಂಗ ಬಂಧನದ ವಿಸ್ತರಣೆಗೆ ಮಾತ್ರ ವಿಡಿಯೊ ಸಾಕಾಗುತ್ತದೆ. ಮೈಮೇಲಿನ ಗಾಯ, ನಡಿಗೆಯ ಕುಂಟು, ಕಣ್ಣಿನ ಭಯ ಎದುರು ನಿಂತಾಗ ಕಾಣುವಂತೆ ಕ್ಯಾಮೆರಾದಲ್ಲಿ ಕಾಣುವುದಿಲ್ಲವಾದ್ದರಿಂದ ಈ ವ್ಯತ್ಯಾಸದಲ್ಲಿ ಸಡಿಲಿಕೆಗೆ ಒಪ್ಪಬೇಡಿ. ವಿಸ್ತರಣೆಯ ದಿನ ಆರೋಪಿಯನ್ನು ಎದ್ದು ನಿಂತು ಎರಡೂ ಕೈ ತೋರಿಸಲು ಹೇಳುವಂತೆ ನ್ಯಾಯಾಲಯವನ್ನು ಕೋರಿ.

ವಿಡಿಯೊ ರಿಮಾಂಡ್ ಎಷ್ಟು ಬೇಗ ಮುಗಿಯುತ್ತದೆಂದರೆ ಬಂಧನ ಎಷ್ಟನೆಯ ದಿನಕ್ಕೆ ಬಂತು ಎಂಬುದೇ ಕೈತಪ್ಪಿ ಹೋಗಬಹುದು. ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನದೊಳಗೆ ದೋಷಾರೋಪಣಾ ಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಆರೋಪಿಯ ಹಕ್ಕಾಗುತ್ತದೆ. ರಿಮಾಂಡಿಗೆ ಒಪ್ಪಿಸಿದ ದಿನವನ್ನೂ ಸೇರಿಸಿಯೇ ಎಣಿಸಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟಪಡಿಸಿದೆ. ಸಾಂಕ್ರಾಮಿಕದ ಕಾಲದಲ್ಲಿ ಕಾಲಮಿತಿಗಳನ್ನು ವಿಸ್ತರಿಸಿದ್ದ ತನ್ನದೇ ಆದೇಶ ಈ ಗಡುವಿಗೆ ಅನ್ವಯಿಸುವುದಿಲ್ಲ ಎಂದು ಅದೇ ನ್ಯಾಯಾಲಯ ಎಸ್. ಕಾಸಿ ಪ್ರಕರಣದಲ್ಲಿ 2020ರ ಜೂನ್‌ನಲ್ಲಿ ಹೇಳಿತು. ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದಾಗಲೂ ಒಬ್ಬ ವ್ಯಕ್ತಿಯ ಸ್ವಾತಂತ್ರ್ಯದ ಗಡಿಯಾರ ನಿಲ್ಲಲಿಲ್ಲ ಎಂಬ ಕಾರಣಕ್ಕೆ ಆ ತೀರ್ಪನ್ನು ಪ್ರತಿ ಕಿರಿಯ ವಕೀಲರೂ ಪೂರ್ತಿ ಓದಬೇಕು. ವಿಶೇಷ ಕಾಯ್ದೆಗಳಡಿ ತನಿಖೆಯ ಅವಧಿ ವಿಸ್ತರಿಸುವ ದಿನ ಆರೋಪಿಯನ್ನು ಖುದ್ದಾಗಲಿ, ವಿಡಿಯೊದಲ್ಲಾಗಲಿ ಹಾಜರುಪಡಿಸದಿದ್ದರೆ ಅದು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೇ ವಿಧಿಯ ಉಲ್ಲಂಘನೆ ಎಂದು 2022ರ ಜಿಗರ್ ಪ್ರಕರಣ ಹೇಳಿದೆ. ಗಡುವು ಮುಗಿದ ಮರುದಿನ ಬೆಳಿಗ್ಗೆಯೇ, ದೋಷಾರೋಪಣಾ ಪಟ್ಟಿ ಬಂದು ಬೀಳುವ ಮುನ್ನ ಅರ್ಜಿ ಹಾಕಿ. ಇ-ಫೈಲಿಂಗ್ ಕೈಕೊಟ್ಟರೆ ಪರದೆಯ ಮೇಲೆಯೇ ಮೌಖಿಕವಾಗಿ ಕೇಳಿ. ಮೌಖಿಕ ಕೋರಿಕೆಯೂ ಸಾಕೆಂದು 2017ರ ರಾಕೇಶ್ ಕುಮಾರ್ ಪಾಲ್ ತೀರ್ಪು ಇದೆ.

ಯಾವ ಸಾಕ್ಷಿಗೆ ಒಪ್ಪಬೇಕು, ಯಾವುದಕ್ಕೆ ಬೇಡ

ಸಾಕ್ಷಿ ಪರದೆಯ ಮೇಲೆ ಬರಬಹುದು ಎಂಬುದು ಹೊಸ ವಿಚಾರವಲ್ಲ. ಅಮೆರಿಕದಲ್ಲಿದ್ದ ವೈದ್ಯರೊಬ್ಬರ ಸಾಕ್ಷ್ಯವನ್ನು ಈ ರೀತಿ ದಾಖಲಿಸಬಹುದೆಂದು ಪ್ರಫುಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲೇ ಒಪ್ಪಿತ್ತು. ನನ್ನ ಅಭಿಪ್ರಾಯದಲ್ಲಿ ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು, ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞರು, ದೂರದೂರಿಗೆ ವರ್ಗವಾದ ಔಪಚಾರಿಕ ಸಾಕ್ಷಿಗಳು ವಿಡಿಯೊದಲ್ಲಿ ಬಂದರೆ ಆರೋಪಿಗೇ ಲಾಭ, ಏಕೆಂದರೆ ಅವರು ಬರಲಿಲ್ಲವೆಂದು ಮುದ್ದತು ಮುಂದೆ ಹೋದಷ್ಟೂ ಅವನು ಜೈಲಿನಲ್ಲಿ ಕೊಳೆಯುತ್ತಾನೆ. ಕಣ್ಣಾರೆ ಕಂಡೆನೆನ್ನುವವರು, ಆರೋಪಿಯನ್ನು ಗುರುತಿಸುವವರು, ಪಂಚರು (ಮಹಜರಿಗೆ ಸಾಕ್ಷಿಯಾದವರು), ತನಿಖಾಧಿಕಾರಿ ಖುದ್ದಾಗಿ ಸಾಕ್ಷಿಕಟ್ಟೆ ಹತ್ತಲೇಬೇಕೆಂದು ಕಾರಣ ಸಹಿತ ಆಕ್ಷೇಪಣೆ ಸಲ್ಲಿಸಿ.

ಒಪ್ಪಿದ ಮೇಲೆ ತಯಾರಿ ಬೇಕು. ಸಂಹಿತೆಯ 308ನೇ ಕಲಮು ಹೇಳುವಂತೆ ಸಾಕ್ಷಿ ಕೂರುವ ಜಾಗ ಸರ್ಕಾರ ಅಧಿಸೂಚಿಸಿದ ಸ್ಥಳವೇ ಹೌದೇ ಎಂದು ಪರಿಶೀಲಿಸಿ. ಪೊಲೀಸರ ಮುಂದಿನ ಹೇಳಿಕೆಯ ವಿರೋಧಾಭಾಸವನ್ನು ಸಾಬೀತುಪಡಿಸಲು ಆ ಭಾಗವನ್ನೇ ಸಾಕ್ಷಿಯ ಗಮನಕ್ಕೆ ತರಬೇಕಾದ್ದರಿಂದ, ಪ್ರತಿಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿ ಸಾಕ್ಷಿ ಕೂರುವ ಕಡೆ ವಿಡಿಯೊ ವ್ಯವಸ್ಥೆ ನೋಡಿಕೊಳ್ಳುವ ಸಂಯೋಜಕರಿಗೆ ಕಳುಹಿಸಿ, ನೀವು ಕೇಳಿದಾಗ ಮಾತ್ರ ತೆರೆಯುವಂತೆ ಆದೇಶ ಪಡೆಯಿರಿ. ಪಾಟೀಸವಾಲಿಗೆ ಮೊದಲು ಕ್ಯಾಮೆರಾವನ್ನು ಕೊಠಡಿಯ ನಾಲ್ಕೂ ಮೂಲೆಗೆ ತಿರುಗಿಸಲು ಹೇಳಿ. ಮೊಬೈಲ್ ದೂರವಿರಲಿ, ಕೈಗಳು ಕಾಣುತ್ತಿರಲಿ, ಎದುರಿಗೆ ಕಾಗದ ಇದ್ದರೆ ಅದೇನೆಂದು ಕೇಳಿ. ಪ್ರಶ್ನೆಗಳನ್ನು ಚಿಕ್ಕದಾಗಿ, ಒಂದೊಂದಾಗಿ ಕೇಳಿ. ಕಷ್ಟದ ಪ್ರಶ್ನೆ ಬಂದ ಕೂಡಲೇ ಸಂಪರ್ಕ ಕಡಿದುಹೋದರೆ, ಯಾವ ಪ್ರಶ್ನೆಗೆ, ಎಷ್ಟು ಹೊತ್ತಿಗೆ ಕಡಿಯಿತು, ಮತ್ತೆ ಯಾವಾಗ ಬಂತು ಎಂಬುದು ಸಾಕ್ಷ್ಯದ ಹಾಳೆಯಲ್ಲೇ ದಾಖಲಾಗಲಿ. ಸಾಕ್ಷಿ ಉತ್ತರಿಸುವ ಮುನ್ನ ಪದೇ ಪದೇ ಪಕ್ಕಕ್ಕೆ ನೋಡುತ್ತಿದ್ದರೆ, ಸಾಕ್ಷಿಯ ವರ್ತನೆಯ ಬಗ್ಗೆ ಟಿಪ್ಪಣಿ ಬರೆಯುವ 315ನೇ ಕಲಮಿನ ಅಧಿಕಾರವನ್ನು ನ್ಯಾಯಾಧೀಶರಿಗೆ ವಿನಯದಿಂದ ನೆನಪಿಸಿ. ವಿಚಾರಣೆಯನ್ನು ನಿಮ್ಮ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಡಿ, ನಿಯಮಗಳು ಅದನ್ನು ನಿಷೇಧಿಸಿವೆ.

ಆರೋಪಿಯ ಹೇಳಿಕೆ

ಪ್ರಾಸಿಕ್ಯೂಷನ್ ಸಾಕ್ಷ್ಯ ಮುಗಿದ ಮೇಲೆ ಆರೋಪಿಗೆ ಕೇಳುವ ಪ್ರಶ್ನೆಗಳು, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 313ರ, ಈಗಿನ ಸಂಹಿತೆಯ 351ನೇ ಕಲಮಿನ ಹೇಳಿಕೆ, ಆದಷ್ಟೂ ಖುದ್ದಾಗಿಯೇ ಆಗಲಿ ಎಂದು ಕೋರಿ. ಎಲ್ಲ ಪ್ರಶ್ನೆಗೂ 'ಸುಳ್ಳು', 'ಗೊತ್ತಿಲ್ಲ' ಎಂದು ಪರದೆಯ ಮೂಲಕ ಓಡಿಸಿಬಿಟ್ಟರೆ, ತನ್ನ ಕಥೆಯನ್ನು ತಾನೇ ಹೇಳುವ ಅವನ ಅವಕಾಶ ವ್ಯರ್ಥವಾಗುತ್ತದೆ. ವಿಡಿಯೊದಲ್ಲೇ ಆಗಬೇಕೆಂದಾದರೆ ಪ್ರಶ್ನಾವಳಿಯ ಪ್ರತಿಯನ್ನು ಮುಂಚಿತವಾಗಿ ಕೇಳಿ ಪಡೆದು, ಜೈಲಿನಲ್ಲಿ ಅವನೆದುರು ಕುಳಿತು, ಅವನ ಆಡುಮಾತಿನಲ್ಲಿ ಒಂದೊಂದನ್ನೂ ವಿವರಿಸಿ. ಜೈಲಿನಿಂದ ಹೀಗೆ ಹೇಳಿಕೆ ಕೊಟ್ಟ ಆರೋಪಿಯ ಸಹಿಯನ್ನು 72 ಗಂಟೆಯೊಳಗೆ ಪಡೆಯಬೇಕೆಂದು 316ನೇ ಕಲಮು ಹೇಳುತ್ತದೆ. ಸಹಿಗಾಗಿ ಕಾಗದ ಜೈಲಿಗೆ ಹೋಗುವ ಹೊತ್ತಿಗೆ ನೀವೂ ಅಲ್ಲಿಗೆ ಹೋಗಿ, ಅವನು ಹೇಳಿದ್ದೇ ಅದರಲ್ಲಿದೆಯೇ ಎಂದು ಓದಿ ಹೇಳಿ, ತಪ್ಪಿದ್ದರೆ ಸಹಿಯ ಕೆಳಗೇ ಬರೆಸಿ.