ಘಾಟಿ ಹತ್ತುವ ಜಿಪ್ಸಿಗೆ ಎಂಥ ಕ್ಯಾಮ್, ಎಂಥ ಮ್ಯಾನಿಫೋಲ್ಡ್?

ಶಿವಮೊಗ್ಗದ ನನ್ನ ಗ್ಯಾರೇಜಿಗೆ ಬರುವ ಹುಡುಗರದ್ದು ಒಂದೇ ಪ್ರಶ್ನೆ: "ಅಣ್ಣಾ, ರೇಸ್ ಕ್ಯಾಮ್ ಹಾಕ್ಬಹುದಾ?" ಕ್ಯಾಮ್ ಅಂದರೆ ಇಂಜಿನ್ನಿನ ವಾಲ್ವ್‌ಗಳನ್ನು ತೆರೆದು ಮುಚ್ಚುವ ಉಬ್ಬುಗಳಿರುವ ದಂಡ. ಗಾಡಿ ಜಾಸ್ತಿ ಓಡುವುದು ಎಷ್ಟು ಆರ್‌ಪಿಎಂನಲ್ಲಿ ಅಂತ ನಾನು ತಿರುಗಿ ಕೇಳುತ್ತೇನೆ.

ಪೆಟ್ಟು ತಿಂದು ಕಲಿತದ್ದು ಇದು. ತೀರ್ಥಹಳ್ಳಿ ಕಡೆಯ ತೋಟದವರೊಬ್ಬರ 1.3 ಲೀಟರ್ ಮಾರುತಿ ಜಿಪ್ಸಿಗೆ ಜಾಸ್ತಿ ಡ್ಯುರೇಶನ್ನಿನ, ಅಂದರೆ ವಾಲ್ವನ್ನು ಜಾಸ್ತಿ ಹೊತ್ತು ತೆರೆದಿಡುವ, ಕ್ಯಾಮ್ ಹಾಕಿದ್ದೆ. ಜೊತೆಗೆ ಇಂಜಿನ್ನಿಗೆ ಗಾಳಿ ಒಯ್ಯುವ ಗಿಡ್ಡ, ಅಗಲ ಪೈಪಿನ ಮ್ಯಾನಿಫೋಲ್ಡ್. ಹೈವೇಯಲ್ಲಿ ಹಾರಿತು. ಆಗುಂಬೆ ಘಾಟಿಯ ತಿರುವಿನಲ್ಲಿ, ಎರಡನೇ ಗೇರಲ್ಲಿ, ದಮ್ಮೇ ಇಲ್ಲ! ಐಡ್ಲಿಂಗ್‌ನಲ್ಲಿ ಬ್ರೇಕಿಗೆ ನೆರವಾಗುವ ಇಂಜಿನ್ ವ್ಯಾಕ್ಯೂಮ್ ಸಾಲದೆ, ಅಂಗಳದಲ್ಲಿ ನಿಧಾನ ತಿರುಗಿಸುವಾಗ ಬ್ರೇಕ್ ಪೆಡಲ್ ಕಲ್ಲಾಗುತ್ತಿತ್ತು.

ಕಾರಣ ಸರಳ. ಅಂಥ ಕ್ಯಾಮ್‌ನಲ್ಲಿ, ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಇಂಜಿನ್ ನಿಧಾನ ತಿರುಗುವಾಗ ಮೇಲೇರುವ ಪಿಸ್ಟನ್ ಒಳಗೆ ಬಂದ ಗಾಳಿಯನ್ನೇ ವಾಪಸ್ ತಳ್ಳುತ್ತದೆ. ಅಗಲ ಪೈಪಿನಲ್ಲಿ ಗಾಳಿಗೆ ವೇಗವೂ ಇರುವುದಿಲ್ಲ, ತಡೆಯುವವರು ಯಾರು? ಉದ್ದ, ಸಪೂರ ಪೈಪಿನಲ್ಲಿ ಗಾಳಿ ರಭಸದಿಂದ ಬಂದು ಸಿಲಿಂಡರ್ ತುಂಬುತ್ತದೆ. ಘಾಟಿಗೆ ಅದು, ಜೊತೆಗೆ ಕಡಿಮೆ ಡ್ಯುರೇಶನ್ ಕ್ಯಾಮ್. ಗಿಡ್ಡ ಪೈಪು, ಜಾಸ್ತಿ ಡ್ಯುರೇಶನ್ ಎರಡೂ ಮೇಲಿನ ಆರ್‌ಪಿಎಂನವು. ಒಂದನ್ನು ಅಲ್ಲಿಂದ, ಒಂದನ್ನು ಇಲ್ಲಿಂದ ತಂದರೆ ಎರಡೂ ಕಡೆ ನಷ್ಟ.

ಕ್ಯಾಮ್ ಕೊಳ್ಳುವಾಗ ಡ್ಯುರೇಶನ್ನಿನ ಡಿಗ್ರಿ ನೋಡಿ ಮೋಸ ಹೋಗಬೇಡಿ. ಒಬ್ಬರು ವಾಲ್ವ್ ಅಲುಗಿದ ಕ್ಷಣದಿಂದ ಎಣಿಸುತ್ತಾರೆ, ಇನ್ನೊಬ್ಬರು 1.27 ಮಿ.ಮೀ. ಎತ್ತಿದ ಮೇಲೆ. ಒಂದೇ ಕ್ಯಾಮ್‌ಗೆ ಎರಡು ಲೆಕ್ಕ! ಯಾವುದು ಅಂತ ಕೇಳಿಯೇ ಹೋಲಿಸಿ.

ಲಿಫ್ಟ್, ಅಂದರೆ ವಾಲ್ವ್ ತೆರೆಯುವ ಎತ್ತರ, ಜಾಸ್ತಿಯಾದರೆ ವಾಲ್ವ್ ಪಿಸ್ಟನ್ನಿಗೆ ತಾಗಬಹುದು. ಮಕ್ಕಳು ಆಡುವ ಕ್ಲೇಯನ್ನು ಪಿಸ್ಟನ್ ತಲೆಗೆ ಅಂಟಿಸಿ, ವಾಲ್ವ್‌ಗಳಿರುವ ಹೆಡ್ ಕೂರಿಸಿ, ಪಿಸ್ಟನ್ ಆಡಿಸುವ ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಬಿಚ್ಚಿ, ಕ್ಲೇ ಕೊಯ್ದು, ತೀರ ತೆಳುವಾದ ಜಾಗ ಅಳೆಯಿರಿ. ಇನ್‌ಟೇಕ್‌ಗೆ 2 ಮಿ.ಮೀ., ಎಕ್ಸಾಸ್ಟ್‌ಗೆ 2.5 ಆದರೂ ಇರಲಿ. ತಿರುಗಿಸುವಾಗ ಬಿಗಿ ಅನ್ನಿಸಿದರೆ ಒತ್ತಬೇಡಿ, ಅಲ್ಲೇ ನಿಲ್ಲಿಸಿ.

ಸಂದಿ ಮುಚ್ಚುವ ಗ್ಯಾಸ್ಕೆಟ್ ಇಟ್ಟು ಮ್ಯಾನಿಫೋಲ್ಡಿನ ತೂತು, ಹೆಡ್ಡಿನ ತೂತು ಹೊಂದುತ್ತವಾ ನೋಡಿ. ಹೆಡ್ಡಿನ ಅಂಚಾಗಲಿ, ಗ್ಯಾಸ್ಕೆಟ್ಟಾಗಲಿ ಗಾಳಿಗೆ ಅಡ್ಡ ನಿಲ್ಲಬಾರದು.

ಆ ಜಿಪ್ಸಿಗೆ ಕೊನೆಗೆ ಕಂಪನಿ ಮ್ಯಾನಿಫೋಲ್ಡನ್ನೇ ವಾಪಸ್ ಹಾಕಿ, ಕಡಿಮೆ ಡ್ಯುರೇಶನ್ನಿನ ಸಾಧು ಕ್ಯಾಮ್ ಕೂರಿಸಿದೆ. ಸೋಮೇಶ್ವರದಿಂದ ಆಗುಂಬೆಗೆ ಸಲೀಸಾಗಿ ಹತ್ತಿತು. ಎರಡನೇ ಸಲದ ಕೂಲಿ ನಾನು ಕೇಳಲಿಲ್ಲ.