ಪ್ರೊಫೈಲ್‌ಗಿಂತ ಮೊದಲು ಇಂಕ್ ಲಿಮಿಟ್: ಲಾರ್ಜ್ ಫಾರ್ಮ್ಯಾಟ್ ಪ್ರಿಂಟರ್‌ನಲ್ಲಿ ನಾನು ಅನುಸರಿಸುವ ಕ್ರಮ

ಬಣ್ಣ ಸರಿ ಬರುತ್ತಿಲ್ಲ ಎಂದ ಕೂಡಲೇ ಹೊಸ ಐಸಿಸಿ ಪ್ರೊಫೈಲ್ (ಪ್ರಿಂಟರ್ ಯಾವ ಬಣ್ಣವನ್ನು ಹೇಗೆ ಮೂಡಿಸುತ್ತದೆ ಎಂದು ವಿವರಿಸುವ ಫೈಲ್) ಮಾಡಲು ಕೂರುವವರೇ ಹೆಚ್ಚು. ನಾನು ಅದನ್ನು ಕೊನೆಗೆ ಮುಟ್ಟುತ್ತೇನೆ. ಪ್ರಿಂಟರ್ ಈಗ ಹೇಗೆ ನಡೆದುಕೊಳ್ಳುತ್ತಿದೆ ಎಂಬುದನ್ನು ಪ್ರೊಫೈಲ್ ದಾಖಲಿಸುತ್ತದೆ ಅಷ್ಟೇ. ಪ್ರಿಂಟರನ್ನು ಹದಕ್ಕೆ ತರುವುದು ಇಂಕ್ ಲಿಮಿಟ್ (ಪ್ರತಿ ಬಣ್ಣದ ಇಂಕ್ ಎಷ್ಟು ಬೀಳಬಹುದು ಎಂಬ ಮಿತಿ) ಮತ್ತು ಲೀನಿಯರೈಸೇಷನ್ (ಬಣ್ಣ ತೆಳುವಿನಿಂದ ಗಾಢಕ್ಕೆ ಸಮ ಹೆಜ್ಜೆಯಲ್ಲಿ ಏರುವಂತೆ ಮಾಡುವುದು).

ನಾಜಲ್ ಚೆಕ್ (ಇಂಕ್ ಚಿಮ್ಮುವ ರಂಧ್ರಗಳೆಲ್ಲ ತೆರೆದಿವೆಯೇ ಎಂಬ ಪರೀಕ್ಷೆ) ಪೂರ್ತಿ ಸರಿಯಿಲ್ಲದೆ ಮುಂದೆ ಹೋಗುವುದಿಲ್ಲ. ಹೆಡ್ ಅಲೈನ್‌ಮೆಂಟ್ ಆದ ಮೇಲೆ ಫೀಡ್, ಅಂದರೆ ಮೀಡಿಯಾ ಪ್ರತಿ ಸಲ ಎಷ್ಟು ಮುಂದೆ ಸರಿಯಬೇಕು ಎಂಬುದು. ಹೀಟರ್ ಕೆಲಸದ ಉಷ್ಣತೆಗೆ ಬಂದ ನಂತರವೇ ಫೀಡ್ ಹೊಂದಿಸಬೇಕು. ವಿನೈಲ್ ಬಿಸಿಗೆ ಹಿಗ್ಗುತ್ತದೆ, ತಣ್ಣಗಿದ್ದಾಗ ಹೊಂದಿಸಿದ್ದು ಬ್ಯಾಂಡಿಂಗ್ (ಅಡ್ಡ ಪಟ್ಟೆಗಳು) ಕೊಡುತ್ತದೆ. ಮೀಡಿಯಾ, ರೆಸಲ್ಯೂಷನ್, ಪಾಸ್ (ಒಂದೇ ಜಾಗದ ಮೇಲೆ ಹೆಡ್ ಓಡಾಡುವ ಸಲ), ಇಂಕ್‌ನ ಬಗೆ, ಇವುಗಳಲ್ಲಿ ಯಾವುದು ಬದಲಾದರೂ ಎಲ್ಲವನ್ನೂ ಮೊದಲಿನಿಂದ ಮಾಡಬೇಕು.

ಇನ್ನು ಇಂಕ್ ಲಿಮಿಟ್. ಪ್ರತಿ ಬಣ್ಣವನ್ನೂ ಶೇ 0ರಿಂದ 100ರವರೆಗೆ ಶೇ 5ರ ಹೆಜ್ಜೆಯಲ್ಲಿ ಪ್ರಿಂಟ್ ಮಾಡಿ, ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಲ್ಯಾಬ್ (L*a*b*) ಬೆಲೆಗಳನ್ನು ಓದಿ, ಎ-ಬಿ ಗ್ರಾಫ್ ಮೇಲೆ ಇಡುತ್ತೇನೆ. ಎಲ್ ಎಂದರೆ ಬಣ್ಣ ಎಷ್ಟು ತಿಳಿ ಎಂಬುದು, ಎ-ಬಿ ಎಂದರೆ ಅದು ಯಾವ ಬಣ್ಣದ ಕಡೆಗಿದೆ ಎಂಬುದು. ಸಯಾನ್ ಒಂದು ಹಂತದವರೆಗೆ ನೇರ ಹೋಗಿ ಆಮೇಲೆ ನೀಲಿಯ ಕಡೆಗೆ ಕೊಕ್ಕೆಯಂತೆ ಬಾಗುತ್ತದೆ. ಮೆಜೆಂಟಾ ಕೆಂಪಿನ ಕಡೆಗೆ. ಬಾಗುವುದಕ್ಕೆ ತುಸು ಮುಂಚೆಯೇ ಲಿಮಿಟ್. ಡೆನ್ಸಿಟಿ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ, ಬಣ್ಣದ ತೀವ್ರತೆ ಏರುವುದು ನಿಂತ ಮೇಲೂ ಡೆನ್ಸಿಟಿ ಏರುತ್ತಲೇ ಇರುತ್ತದೆ. ಕಪ್ಪಿಗೆ ಎಲ್ ಬೆಲೆ ಇಳಿಯುವುದು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಸಾಕು. ಅದಾದ ಮೇಲೆ ಲೀನಿಯರೈಸೇಷನ್. ಅದು ರಿಪ್ (ಪ್ರಿಂಟರ್‌ಗೆ ಫೈಲ್ ಕಳಿಸುವ ಸಾಫ್ಟ್‌ವೇರ್) ತಾನೇ ಮಾಡುವ ಕೆಲಸ, ನೀವು ಪ್ಯಾಚ್‌ಗಳನ್ನು ಓದಿಸಿದರಾಯಿತು.

ಒಟ್ಟು ಇಂಕ್ ಮಿತಿಗೆ (ಒಂದೇ ಜಾಗದಲ್ಲಿ ಬೀಳುವ ನಾಲ್ಕೂ ಬಣ್ಣಗಳ ಶೇಕಡಾ ಮೊತ್ತ) ಶೇ 200ರಿಂದ 400ರವರೆಗಿನ ಪ್ಯಾಚ್‌ಗಳನ್ನು, ಗಾಢ ಹಿನ್ನೆಲೆಯಲ್ಲಿ ಸಣ್ಣ ಬಿಳಿ ಅಕ್ಷರ ಬಿಟ್ಟು, ಪ್ರಿಂಟ್ ಮಾಡುತ್ತೇನೆ. ಅಕ್ಷರ ಮುಚ್ಚಿಕೊಂಡರೆ, ಇಂಕ್ ಮಡುಗಟ್ಟಿದರೆ, ಉಜ್ಜಿದಾಗ ಬೆರಳಿಗೆ ಅಂಟಿದರೆ ಆ ಮಟ್ಟ ಹೆಚ್ಚಾಯಿತು. ಇಕೋ ಸಾಲ್ವೆಂಟ್ ವಿನೈಲ್‌ನಲ್ಲಿ ಸಾಮಾನ್ಯವಾಗಿ ಶೇ 220ರಿಂದ 300ರ ನಡುವೆ ನಿಲ್ಲುತ್ತೇನೆ. ಹೆಚ್ಚು ಹಾಕಿದರೆ ಸಾಲ್ವೆಂಟ್ ಒಳಗೇ ಉಳಿದು ಅಂಟು ಮೆತ್ತಗಾಗುತ್ತದೆ, ಅಂಚು ಸುರುಳುತ್ತದೆ, ಲ್ಯಾಮಿನೇಷನ್‌ನಲ್ಲಿ ಗುಳ್ಳೆ ಏಳುತ್ತದೆ.

ಪ್ರೊಫೈಲ್ ಚಾರ್ಟ್ ಪ್ರಿಂಟ್ ಮಾಡುವಾಗ ಲೀನಿಯರೈಸೇಷನ್ ಮತ್ತು ಲಿಮಿಟ್ ಆನ್, ಕಲರ್ ಮ್ಯಾನೇಜ್‌ಮೆಂಟ್ ಆಫ್. ಇಲ್ಲಿ ಇನ್‌ಪುಟ್ ಪ್ರೊಫೈಲ್ (ಒಳಬರುವ ಫೈಲ್‌ನ ಬಣ್ಣಗಳಿಗೆ ಅನ್ವಯಿಸುವ ಪ್ರೊಫೈಲ್) ಆನ್ ಉಳಿದರೆ ಮುಂದಿನದೆಲ್ಲ ವ್ಯರ್ಥ, ಆದರೂ ಚಾರ್ಟ್ ನೋಡಲು ಚೆನ್ನಾಗಿಯೇ ಇರುತ್ತದೆ. ಸಾಲ್ವೆಂಟ್ ಚಾರ್ಟನ್ನು ಒಂದು ದಿನ ಒಣಗಲು ಬಿಟ್ಟು, ಬಿಳಿ ಹಿನ್ನೆಲೆಯ ಮೇಲಿಟ್ಟು ಓದಬೇಕು. ಬಿಳುಪು ಹೆಚ್ಚಿಸುವ ಹೊಳಪುಕಾರಕ ಬೆರೆಸಿದ ಕಾಗದಕ್ಕೆ ಎಂ1 ಅಳತೆ ವಿಧಾನ, ಏಕೆಂದರೆ ಡಿ50 ಎಂಬ ಪ್ರಮಾಣಿತ ಬೆಳಕಿನಲ್ಲಿರುವ ನೇರಳಾತೀತ ಭಾಗವನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಲ್ಯಾಮಿನೇಟ್ ಆಗಿ ಹೋಗುವ ಕೆಲಸವಾದರೆ ಲ್ಯಾಮಿನೇಟ್ ಮಾಡಿದ ಚಾರ್ಟನ್ನೇ ಓದುತ್ತೇನೆ. ಪ್ರೊಫೈಲ್‌ನಲ್ಲಿ ಕಪ್ಪು ತೀರಾ ಬೇಗ ಶುರುವಾಗಬಾರದು: ಚರ್ಮದ ಬಣ್ಣದಲ್ಲಿ ಕಪ್ಪು ಚುಕ್ಕೆ ಎದ್ದು ಕಾಣುತ್ತದೆ.

ಪರೀಕ್ಷೆಗೆ 72 ಪ್ಯಾಚ್‌ಗಳ ಫೋಗ್ರಾ ಮೀಡಿಯಾ ವೆಡ್ಜ್ ಎಂಬ ಬಣ್ಣದ ಪಟ್ಟಿ, ಆಬ್ಸಲ್ಯೂಟ್ ಇಂಟೆಂಟ್‌ನಲ್ಲಿ (ಕಾಗದದ ಬಿಳುಪನ್ನೂ ಸೇರಿಸಿ ಮೂಲ ಬಣ್ಣವನ್ನು ಅನುಕರಿಸುವ ಸೆಟ್ಟಿಂಗ್). ಕಾಂಟ್ರ್ಯಾಕ್ಟ್ ಪ್ರೂಫ್‌ಗೆ (ಗ್ರಾಹಕ ಒಪ್ಪುವ ಅಂತಿಮ ಮಾದರಿ ಪ್ರಿಂಟ್) ಐಎಸ್ಒ 12647-7 ಮಾನದಂಡ ಹೇಳುವುದು ಸರಾಸರಿ ಡೆಲ್ಟಾ ಇ 2000, ಅಂದರೆ ಬೇಕಾದ ಬಣ್ಣಕ್ಕೂ ಬಂದ ಬಣ್ಣಕ್ಕೂ ಇರುವ ಅಂತರ, ಗರಿಷ್ಠ 2.5. ದೂರದಿಂದ ನೋಡುವ ಬ್ಯಾನರ್‌ಗೆ ಅಷ್ಟು ಬಿಗಿ ಬೇಡ, ಬೂದು ಬಣ್ಣ ಮಾತ್ರ ವಾಲಬಾರದು.

ಹೆಡ್ ಬದಲಿಸಿದಾಗ, ಇಂಕ್ ಬ್ಯಾಚ್ ಬದಲಾದಾಗ ಮೊದಲು ಲೀನಿಯರೈಸೇಷನ್ ಮಾತ್ರ ಮತ್ತೆ ಮಾಡಿ ವೆಡ್ಜ್ ಓದುತ್ತೇನೆ. ಸಂಖ್ಯೆಗಳು ಹಳೆಯ ಮಟ್ಟಕ್ಕೆ ಬಂದರೆ ಪ್ರೊಫೈಲ್ ಹಾಗೇ ಇರಲಿ. ಮೀಡಿಯಾದ ಬಿಳುಪೇ ಬದಲಾಗಿದ್ದರೆ ಹೊಸ ಚಾರ್ಟ್ ತಪ್ಪಿದ್ದಲ್ಲ.