ವಿಜಯಪುರವನ್ನು ನಡೆಸಿ ತೋರಿಸಿದೆ, ಹೊಟ್ಟೆಗೂ ಆಯಿತು

ನಮ್ಮೂರಿನ ಗೈಡ್‌ಗಳ ಹಳೆಯ ಲೆಕ್ಕ ಈ ಕೆಲಸದವರಿಗೆಲ್ಲ ಗೊತ್ತಿರುವುದೇ. ಟಿಟಿ ಗಾಡಿ ಬಂದು ನಿಲ್ಲುತ್ತದೆ. ಗೋಲಗುಂಬಜ್, ಜಾಮಿಯಾ ಮಸೀದಿ, ಬಾರಾ ಕಮಾನ್, ಉಪಲಿ ಬುರುಜ್, ಮಲಿಕ್-ಎ-ಮೈದಾನ್, ತಾಜ್ ಬಾವಡಿ, ಇಬ್ರಾಹಿಂ ರೋಜಾ, ಟೈಮ್ ಉಳಿದರೆ ಶಿವಗಿರಿ. ಮೂರು ತಾಸಲ್ಲಿ ಊರೆಲ್ಲ ಮುಗಿಸಿ ಗಾಡಿಯನ್ನು ಬಾದಾಮಿ ಕಡೆ ಕಳಿಸಬೇಕು. ನಾನೂ ಏಳೆಂಟು ವರ್ಷ ಇದನ್ನೇ ಮಾಡಿದೆ. ಕೈಗೆ ಬರುತ್ತಿದ್ದದ್ದು ಗಾಡಿಗೆ ಐನೂರು, ಸೀಸನ್‌ನಲ್ಲಿ ಏಳುನೂರು. ಅದರಲ್ಲಿ ಡ್ರೈವರ್‌ಗೆ ನೂರು ಹೋಗುತ್ತಿತ್ತು. ಕೊಡದಿದ್ದರೆ ಮುಂದಿನ ಸಲ ಅವನು ಬೇರೆ ಗೈಡ್ ಹತ್ತಿರ ನಿಲ್ಲಿಸುತ್ತಾನೆ, ಅಷ್ಟೇ.

ಈಗ ನಾನು ಬೆಳಗ್ಗೆ ಆರಕ್ಕೆ ಶುರು ಮಾಡಿ ಹತ್ತೂವರೆ, ಹನ್ನೊಂದಕ್ಕೆ ಮುಗಿಸುತ್ತೇನೆ. ಬಹುಪಾಲು ನಡಿಗೆ, ಕೊನೆಗೆ ಟಾಂಗಾ. ತಲೆಗೆ ನಾನೂರೈವತ್ತು. ಹನ್ನೆರಡು ಜನಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ಡಿಸೆಂಬರ್ ತಿಂಗಳ ಶನಿವಾರ, ಭಾನುವಾರ ಬೇಕೆಂದರೆ ಎರಡು ವಾರ ಮೊದಲೇ ಹೇಳಬೇಕು. ಶುರುವಿನಲ್ಲಿ ನಕ್ಕವರೇ ಈಗ ತಮ್ಮ ಪಾರ್ಟಿ ಕಳಿಸುತ್ತಾರೆ, ನಾನೂ ಕಮಿಷನ್ ಕೊಡುತ್ತೇನೆ. ಆಗ ಒಬ್ಬ ಹಿರಿಯ ಗೈಡ್ ಅಂದದ್ದು ಇನ್ನೂ ಕಿವಿಯಲ್ಲಿದೆ: "ಏ ತಮ್ಮಾ, ಮಂದಿ ನೋಡಾಕ ಬರ್ತಾರ, ನಡಿಯಾಕ ಬರಂಗಿಲ್ಲ. ಹುಚ್ಚ ಏನು ನೀ?"

ಮೊದಲ ವರ್ಷ ಅವರ ಮಾತೇ ನಿಜವಾಯಿತು. ಫ್ರೀ ಟೂರ್ ಅಂತ ಇಟ್ಟೆ, ಖುಷಿಯಿದ್ದಷ್ಟು ಕೊಡಿ ಅಂದೆ. ಹೊರದೇಶದಲ್ಲಿ ಇದು ನಡೆಯುತ್ತದಂತೆ. ಇಲ್ಲಿ ಸುಮ್ನೆ ಬಂದವರು ಜಾಮಿಯಾ ಮಸೀದಿ ಹತ್ತಿರ ಬಂದಾಗ "ಸರ್, ನಮ್ದು ಟ್ರೇನ್ ಐತಿ" ಅಂತ ಹೊರಟರು. ಒಂದು ದಿನ ಹದಿನಾಲ್ಕು ಜನರಿಂದ ಇನ್ನೂರು ಚಿಲ್ಲರೆ ಸಿಕ್ಕಿತು. ಆಮೇಲೆ ಬಾಡಿಗೆ ಸೈಕಲ್. ಎಂಟು ಸೈಕಲ್‌ಗೆ ಡಿಪಾಸಿಟ್ ಕಟ್ಟಿದೆ. ಸ್ಟೇಷನ್ ರೋಡಿನ ಟ್ರಾಫಿಕ್‌ನಲ್ಲಿ ಎಂಟು ಜನರನ್ನು ಒಟ್ಟಿಗೆ ಕರೆದುಕೊಂಡು ಹೋಗುವುದು ನನ್ನಿಂದಾಗಲಿಲ್ಲ. ಗಾಂಧಿ ಚೌಕ್ ದಾಟುವಷ್ಟರಲ್ಲಿ ಮೂರು ಗುಂಪಾಗಿರುತ್ತಿದ್ದರು. ಡಿಪಾಸಿಟ್‌ನಲ್ಲಿ ಅರ್ಧ ರಿಪೇರಿಗೇ ಹೋಯಿತು. ಬೆಂಗಳೂರಿನ ಒಂದು ಟ್ರಾವೆಲ್ಸ್‌ನವರು ಆರು ಪಾರ್ಟಿ ಕಳಿಸಿ ಬಿಲ್ ಬಾಕಿ ಉಳಿಸಿಕೊಂಡರು, ಹತ್ತಿರ ಹತ್ತಿರ ಎಂಟು ಸಾವಿರ. ಅದು ಇವತ್ತಿಗೂ ಬಂದಿಲ್ಲ. ಆ ವರ್ಷ ಮನೆ ನಡೆದದ್ದು ಹೆಂಡತಿಯ ಟೈಲರಿಂಗ್‌ನಿಂದ.

ನಿಜ ಹೇಳಬೇಕೆಂದರೆ ತೊಂದರೆ ನಡಿಗೆಯದ್ದಲ್ಲ. ನಡೆಯುವಾಗ ಹೇಳುವುದಕ್ಕೆ ನನ್ನ ಹತ್ತಿರ ಇದ್ದದ್ದೂ ಅದೇ ಗಾಡಿ ಟೂರ್‌ನ ಮಾತು, ಊರಾಳಿದ ಆದಿಲ್ ಶಾಹಿ ಬಾದಶಹರ ಹೆಸರು. ಯೂಸುಫ್, ಇಸ್ಮಾಯಿಲ್, ಇಬ್ರಾಹಿಂ, ಅಲಿ, ಮತ್ತೆ ಇಬ್ರಾಹಿಂ, ಮಹಮ್ಮದ್, ಮತ್ತೆ ಅಲಿ. ಎರಡನೇ ಇಬ್ರಾಹಿಂ ಬರುವ ಹೊತ್ತಿಗೆ ಜನ ಮೊಬೈಲ್ ತೆಗೆದಿರುತ್ತಾರೆ. ಬಾದಶಹರ ಸಾಲು ಯಾರಿಗೂ ಬೇಡ.

ಆಗ ಹೊಳೆದದ್ದು ಚೀಟಿ. ಈ ಊರು ಕಟ್ಟಿದವರಲ್ಲಿ ಅರ್ಧಕ್ಕರ್ಧ ಹೊರಗಿನಿಂದ ಬಂದವರು, ಅಲ್ವಾ? ಒಬ್ಬೊಬ್ಬ ಗಿರಾಕಿಗೂ ಒಂದು ಚೀಟಿ ಕೊಡುವುದು. ಅದರಲ್ಲಿ ಒಂದು ಹೆಸರು, ಎಲ್ಲಿಂದ ಬಂದ, ಏನು ಕೆಲಸ, ಇಷ್ಟೇ. ಆ ಜಾಗ ಬಂದಾಗ ಚೀಟಿ ಇದ್ದವರು ಮುಂದೆ ಬರಬೇಕು. ಹಾರ್ಲೆಮ್‌ನಿಂದ ಬಂದು ಎರಡನೇ ಇಬ್ರಾಹಿಂನ ಆಸ್ಥಾನದಲ್ಲಿ ಚಿತ್ರ ಬರೆದ ಡಚ್ಚ ಕಾರ್ನೆಲಿಸ್ ಹೇಡಾ. ಇರಾನಿನ ಕವಿ ಜುಹೂರಿ. ಹಬ್ಶಿ, ಅಂದರೆ ಆಫ್ರಿಕಾ ಮೂಲದ ಸರದಾರ ಇಖ್ಲಾಸ್ ಖಾನ್. ಮರಾಠಾ ಸರದಾರ ಶಹಾಜಿ. ಅಹ್ಮದ್‌ನಗರದಿಂದ ಸೊಸೆಯಾಗಿ ಬಂದ ಚಾಂದ್ ಬೀಬಿ. "ಇದೇನು ಸಾಲಿ ಹುಡುಗರ ಆಟ" ಅಂತ ಜೊತೆಗಿನವರು ಅಂದರು. ಮೊದಮೊದಲು ದೊಡ್ಡವರು ನಾಚಿಕೊಂಡರು, ಅದು ಹೌದು. ಬ್ಯಾಂಕಿನಿಂದ ರಿಟೈರ್ ಆದ ಒಬ್ಬರು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಕೊನೆವರೆಗೂ ತೆಗೆಯಲಿಲ್ಲ. ಹನ್ನೆರಡು ಚೀಟಿ ಜಾಸ್ತಿಯಾಯಿತು ಅಂತ ಆರಕ್ಕೆ ಇಳಿಸಿದೆ. ಇಬ್ಬರಿಗೊಂದು. ಜೋಡಿಯಾದ ಮೇಲೆ ನಾಚಿಕೆ ಹೋಯಿತು. ಗಂಡ ಹೆಂಡತಿಯನ್ನು ಒಂದೇ ಚೀಟಿಗೆ ಹಾಕಬೇಡಿ, ಅದೊಂದು ಹೇಳುತ್ತೇನೆ. ಚೀಟಿ ಕೊಡುವಾಗ ಮೊದಲು ಕೇಳುವ ಒಂದು ಪ್ರಶ್ನೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಹೊಟ್ಟೆಪಾಡು.

ಮೊದಲು ಗೋಲಗುಂಬಜ್, ಬೆಳಗ್ಗೆ ಬಾಗಿಲು ತೆರೆದ ಕೂಡಲೇ. ಹತ್ತು ಗಂಟೆಗೆ ಹೋದರೆ ಏನಾಗುತ್ತದೆ ಅಂತ ಗೊತ್ತಲ್ಲ. ಶಾಲೆ ಪ್ರವಾಸದ ಮುನ್ನೂರು ಮಕ್ಕಳು ಒಟ್ಟಿಗೆ ಕಿರುಚುತ್ತಿರುತ್ತಾರೆ. ಒಂದು ಕೂಗು ಏಳು ಸಲ ಬರುವ ಜಾಗದಲ್ಲಿ ಮುನ್ನೂರು ಕೂಗು! ಆರೂಕಾಲಿಗೆ ಏಳು ಅಂತಸ್ತು ಹತ್ತಿಸಿ, ಒಬ್ಬರನ್ನು ಈಚೆ, ಒಬ್ಬರನ್ನು ಆಚೆ ಗೋಡೆಗೆ ಕೂರಿಸುತ್ತೇನೆ. ನಡುವೆ ಸುಮಾರು 38 ಮೀಟರ್ ಖಾಲಿ. ಸಣ್ಣ ಸದ್ದೂ ಆಚೆ ಕೇಳುತ್ತದೆ ಅಂತ ತೋರಿಸಲು ಕಾಗದ ಹರಿಯುವುದು, ಕಡ್ಡಿ ಗೀರುವುದು ನಾವೆಲ್ಲ ಮಾಡುವುದೇ. ನಾನು ಅದನ್ನು ಬಿಟ್ಟು, ಚೀಟಿಯಲ್ಲಿರುವ ಹೆಸರನ್ನು ಗೋಡೆಗೆ ಬಾಯಿಟ್ಟು ಪಿಸುಗುಟ್ಟಿ ಅನ್ನುತ್ತೇನೆ. ಆಚೆ ಕೂತವರು "ಇಖ್ಲಾಸ್ ಖಾನ್!" ಅಂತ ಕೂಗಿದಾಗ ಇಡೀ ಗುಂಪಿಗೆ ಆಟ ಅರ್ಥವಾಗುತ್ತದೆ. ಇಖ್ಲಾಸ್ ಖಾನ್ ಇದ್ದದ್ದೂ ಈ ಗುಂಬಜಿನಲ್ಲಿ ಮಲಗಿರುವ ಮಹಮ್ಮದ್ ಆದಿಲ್ ಶಾಹನ ದರ್ಬಾರಿನಲ್ಲೇ. ಸರಿಯಾಗಿ ಎಲ್ಲಿ ಕೂರಿಸುತ್ತೇನೆ ಅನ್ನುವುದು ನಾಲ್ಕು ಚಳಿಗಾಲ ಕೂತು ಕಂಡುಕೊಂಡದ್ದು. ಕೇಳಬೇಡಿ.

ಅಲ್ಲಿಂದ ಜಾಮಿಯಾ ಮಸೀದಿಗೆ ನಡಿಗೆ. 1565ರ ತಾಳಿಕೋಟೆ ಯುದ್ಧ ಆದ ಮೇಲೆ ಒಂದನೇ ಅಲಿ ಆದಿಲ್ ಶಾಹ ಶುರು ಮಾಡಿಸಿದ್ದು. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಅಂತ 2250 ಜಾಗ ಗುರುತು ಮಾಡಿದ್ದಾರೆ, ಅದು ಔರಂಗಜೇಬ 1686ರಲ್ಲಿ ಊರು ಹಿಡಿದ ನಂತರದ ಕೆಲಸ. ಮೆಹತರ್ ಮಹಲಿನ ಕಲ್ಲಿನ ತೊಲೆಗಳನ್ನು ನೋಡಿ ಮರ ಅಂತ ಜನ ಪಂದ್ಯ ಕಟ್ಟುತ್ತಾರೆ, ಐದು ನಿಮಿಷ ಸಾಕು. ಆಸಾರ್ ಮಹಲಿನಲ್ಲಿ ಪ್ರವಾದಿಯವರ ಕೇಶ ಇಟ್ಟಿರುವ ಒಳಭಾಗಕ್ಕೆ ಹೆಂಗಸರನ್ನು ಬಿಡುವುದಿಲ್ಲ. ಇದನ್ನು ಬುಕಿಂಗ್ ಸಮಯದಲ್ಲೇ ಹೇಳಿಬಿಡುತ್ತೇನೆ, ಬಾಗಿಲಲ್ಲಿ ಹೇಳಿದರೆ ಮುಖ ಕೆಡುತ್ತದೆ. ನಾವೆಲ್ಲ ಹೊರಗಿನ ಹೊಂಡದ ದಂಡೆಯಲ್ಲೇ ಕೂರುತ್ತೇವೆ.

ಇಡೀ ಟೂರ್‌ನ ಜೀವ ಇರುವುದು ಇದರ ಮುಂದೆ, ಅರಕಿಲ್ಲೆಯಲ್ಲಿ, ಅಂದರೆ ಒಳಕೋಟೆಯಲ್ಲಿ. ಗಾಡಿಯವರು ಹೋಗದ ಜಾಗ. ಕರೀಮುದ್ದೀನ್ ಮಸೀದಿ, 1320ರದ್ದು. ಗುಡಿಯ ಕಂಬಗಳು ಎದುರಿಗೇ ಕಾಣುತ್ತವೆ. ಹತ್ತರಲ್ಲಿ ಎಂಟು ಗುಂಪಿನಲ್ಲಿ ಇಲ್ಲೇ ಜಗಳ ಹೊತ್ತಿಕೊಳ್ಳುವುದು. ಒಬ್ಬ ಶುರು ಮಾಡುತ್ತಾನೆ, ಇನ್ನೊಬ್ಬ ಉತ್ತರ ಕೊಡುತ್ತಾನೆ, ಮೂರನೆಯವರು ಬಿಸಿಲಿಗೆ ಹೋಗಿ ನಿಲ್ಲುತ್ತಾರೆ. ಇದಕ್ಕೇ ಹೆದರಿ ಎಷ್ಟೋ ಗೈಡ್‌ಗಳು ಈ ಜಾಗ ಬಿಡುತ್ತಾರೆ. ನಾನು ಎರಡು ರೀತಿ ನೋಡಿದೆ. ಕಂಬದ ವಿಷಯ ಎತ್ತದೆ ಮುಂದೆ ಹೋದರೆ, "ನೀವು ಮುಚ್ಚಿಡ್ತೀರಿ" ಅನ್ನುತ್ತಾರೆ. ಉದ್ದಕ್ಕೆ ಸಮಜಾಯಿಷಿ ಕೊಟ್ಟರೆ ಅದಕ್ಕೂ ಜಗಳ. ಈಗ ಯಾರೂ ಕೇಳುವ ಮೊದಲೇ ನಾನೇ ಹೇಳುತ್ತೇನೆ: ಕಂಬ ಗುಡಿಯದ್ದು, ಕಿತ್ತು ತಂದದ್ದು. ಹೇಳಿ ಸುಮ್ಮನಾಗುತ್ತೇನೆ. ಆಮೇಲೆ ಶಾಸನದ ಹತ್ತಿರ ಕರೆದು "ರೇವಯ್ಯ ಯಾರು?" ಅಂತ ಕೇಳುತ್ತೇನೆ. ಒಬ್ಬರು ಚೀಟಿ ಎತ್ತುತ್ತಾರೆ. ಕಟ್ಟಿಸಿದ ಮಲಿಕ್ ಕರೀಮುದ್ದೀನನ ಜೊತೆ, ಕೆಲಸ ಮಾಡಿದ ಸಾಲೋಟಗಿಯ ರೇವಯ್ಯನ ಹೆಸರೂ ಆ ಶಾಸನದಲ್ಲಿದೆ. ಸಾಲೋಟಗಿ ಅಂದರೆ ನಮ್ಮ ಇಂಡಿ ಕಡೆಯದ್ದೇ. ಗುಂಪಿನಲ್ಲಿ ಇಂಡಿಯವರೊಬ್ಬರು ಇದ್ದರಂತೂ ಮುಗಿಯಿತು, ಮುಂದಿನದು ಅವರೇ ಹೇಳುತ್ತಾರೆ. ಜಗಳ ಪೂರ್ತಿ ನಿಂತಿದೆ ಅನ್ನುವುದಿಲ್ಲ. ಆದರೆ ಟೂರ್ ಬಿಟ್ಟು ಹೋದವರು ಎರಡು ವರ್ಷದಲ್ಲಿ ಒಬ್ಬರೋ ಇಬ್ಬರೋ.

ಮಸೀದಿ ಆದ ಮೇಲೆ ಕಂದಕದ ಕಡೆಯ ನರಸಿಂಹ ಗುಡಿ. ಎರಡನೇ ಇಬ್ರಾಹಿಂ ಇಲ್ಲಿಗೆ ನಡೆದುಕೊಳ್ಳುತ್ತಿದ್ದ ಅಂತ ಊರಿನ ಮಾತು, ಊರಿನ ಮಾತು ಅಂತಲೇ ಹೇಳುತ್ತೇನೆ. ಅವನು ತಾನೇ ದಖನಿ ಭಾಷೆಯಲ್ಲಿ ಬರೆದ ಹಾಡುಗಳಲ್ಲಿ ಸರಸ್ವತಿಯನ್ನು ನೆನೆಯುವುದು ಮಾತ್ರ ಬರಹದಲ್ಲೇ ಇದೆ. ಆಮೇಲೆ ಗಗನ ಮಹಲಿನ ದೊಡ್ಡ ಕಮಾನಿನ ಕೆಳಗೆ ಡಚ್ಚ, ಇರಾನಿ, ಮರಾಠಾ ಎಲ್ಲ ಚೀಟಿಗಳೂ ಹೊರಗೆ ಬರುತ್ತವೆ. ಈ ಮೂರರ ಕ್ರಮ ತಪ್ಪಿಸಬಾರದು. ಗುಡಿ ಮೊದಲು, ಮಸೀದಿ ಆಮೇಲೆ ಇಟ್ಟು ನೋಡಿದ್ದೇನೆ, ಜನ ಸಿಟ್ಟಿನಲ್ಲೇ ಹೊರಗೆ ಬರುತ್ತಾರೆ.

ಒಂಬತ್ತರ ಹೊತ್ತಿಗೆ ಗಾಂಧಿ ಚೌಕ್ ಕಡೆ ನಾಷ್ಟಾ. ಸೂಸಲಾ (ಮಂಡಕ್ಕಿ ಒಗ್ಗರಣೆ), ಮಿರ್ಚಿ ಭಜಿ, ಚಹಾ. ಟೂರ್‌ನ ದುಡ್ಡಿನಲ್ಲೇ ಸೇರಿಸಿದ್ದೇನೆ, ತಲೆಗೆ ಐವತ್ತು ಅರವತ್ತು ಬೀಳುತ್ತದೆ. ಬೇರೆಯಾಗಿ ತೆಗೆದುಕೊಂಡಾಗ ಹತ್ತು ರೂಪಾಯಿಗೆ ಚೌಕಾಸಿ. ಸೇರಿಸಿ ನಾನೂರೈವತ್ತು ಅಂದಾಗ ಯಾರೂ ಮಾತಾಡಲಿಲ್ಲ.

ಆಮೇಲೆ ಟಾಂಗಾ. ಎರಡನೇ ಇಬ್ರಾಹಿಂನ ಗೋರಿ ಇರುವ ಇಬ್ರಾಹಿಂ ರೋಜಾ ಪಶ್ಚಿಮಕ್ಕೆ, ಕೋಟೆಗೋಡೆಯ ಆಚೆ. ಗುಂಬಜ್‌ನಿಂದ ಲೆಕ್ಕ ಹಾಕಿದರೆ ನಾಲ್ಕೈದು ಕಿಲೋಮೀಟರ್, ಅಷ್ಟನ್ನೂ ನಡೆಸಿದರೆ ಮಂಡಿ ನೋವಿನವರು ಶಾಪ ಹಾಕುತ್ತಾರೆ. ಆಟೋ ಅಗ್ಗ. ಆದರೆ ಫೋಟೊ ಬರುವುದು ಟಾಂಗಾದಲ್ಲಿ, ಆ ಫೋಟೊ ನೋಡಿಯೇ ಮುಂದಿನ ಪಾರ್ಟಿ ಬರುವುದು. ಮೂರು ಟಾಂಗಾ, ಒಂದಕ್ಕೆ ನಾಲ್ಕುನೂರು. ಟಾಂಗಾದ ಕಾಕಾನ ಹತ್ತಿರ ಚೌಕಾಸಿ ಮಾಡುವುದಿಲ್ಲ. ಅವರು ಸೀಸನ್‌ನಲ್ಲಿ ಕೈ ಕೊಟ್ಟರೆ ನನ್ನ ಕಥೆ ಅಷ್ಟೇ.

ತಾಜ್ ಬಾವಡಿಯಲ್ಲಿ ಇಳಿಸಿ, ಮಲಿಕ್-ಎ-ಮೈದಾನ್ ತೋಪಿಗೆ, ಅಂದರೆ ಫಿರಂಗಿಗೆ. 55 ಟನ್. ಎರಕ ಹೊಯ್ದದ್ದು 1549ರಲ್ಲಿ, ಅಹ್ಮದ್‌ನಗರದಲ್ಲಿ, ಮಹಮ್ಮದ್ ಬಿನ್ ಹಸನ್ ರೂಮಿ ಅನ್ನುವ ತುರ್ಕಿಯವನು. ಬಾಯಿ ಸಿಂಹದ್ದು, ಹಲ್ಲಿನ ನಡುವೆ ಸಿಕ್ಕಿಕೊಂಡ ಆನೆಯನ್ನು ನೋಡದೆ ಜನ ಹೋಗುತ್ತಾರೆ, ಪಕ್ಕಕ್ಕೆ ಬಂದು ಬಗ್ಗಿದರೆ ಕಾಣುತ್ತದೆ. ಇಲ್ಲಿ ಚಾಂದ್ ಬೀಬಿಯ ಚೀಟಿಯವರನ್ನೂ ಕರೆಯುತ್ತೇನೆ. ಸೊಸೆಯೂ ಅಹ್ಮದ್‌ನಗರದವಳು, ತೋಪೂ ಅಲ್ಲಿಯದೇ. ಸೊಸೆ ಮದುವೆಯಾಗಿ ಬಂದಳು, ತೋಪು 1632ರಲ್ಲಿ ಪರಾಂಡಾದಿಂದ ಗೆದ್ದ ಮಾಲಾಗಿ ಬಂತು. ಇದಕ್ಕೆ ನಗದೇ ಇದ್ದ ಪಾರ್ಟಿ ಇಲ್ಲಿವರೆಗೆ ಬಂದಿಲ್ಲ.

ರೋಜಾದಲ್ಲಿ ಮಾತು ಕಡಿಮೆ. ಕೆಲಸ ಮಾಡಿಸಿದ ಮಲಿಕ್ ಸಂದಲ್, ಒಂದೂವರೆ ಲಕ್ಷ ಹೊನ್ನಿನ ಖರ್ಚು, ಎರಡೂ ಅಲ್ಲೇ ಶಾಸನದಲ್ಲಿದೆ. ಖರ್ಚನ್ನು ಗೋಡೆಗೆ ಬರೆಸಿದ ಲೆಕ್ಕದವರು ಅಂದರೆ ನನಗೆ ಬಹಳ ಗೌರವ.

ಲೆಕ್ಕದ ಮಾತು ಬಂತಲ್ಲ, ನನ್ನದೂ ಹೇಳುತ್ತೇನೆ. ತುಂಬಿದ ಗುಂಪು ಅಂದರೆ ಐದು ಸಾವಿರದ ಮೇಲೆ. ಟಾಂಗಾ ಸಾವಿರದ ಇನ್ನೂರು, ನಾಷ್ಟಾ ಏಳುನೂರು, ಕಮಿಷನ್, ಚೀಟಿ ಪ್ರಿಂಟು ಹೋಗಿ ಮೂರು ಸಾವಿರದ ಹತ್ತಿರ ಉಳಿಯುತ್ತದೆ. ಗುಂಬಜ್, ರೋಜಾದ ಟಿಕೆಟ್ ಅವರದೇ. ನೂರು ರೂಪಾಯಿ ಮುಂಗಡ ಫೋನ್‌ಪೇಗೆ ಹಾಕಿಸಿಕೊಳ್ಳದೆ ಹೆಸರು ಬರೆಯುವುದಿಲ್ಲ. ಮುಂಗಡ ಇಲ್ಲದ ಕಾಲದಲ್ಲಿ ಹತ್ತು ಜನ ಹೇಳಿ ನಾಲ್ಕು ಜನ ಬರುತ್ತಿದ್ದರು, ಟಾಂಗಾ ಮಾತ್ರ ಮೂರೂ ನಿಂತಿರುತ್ತಿದ್ದವು. ಶುಕ್ರವಾರ ಟೂರ್ ಇಲ್ಲ. ಮಸೀದಿಯಲ್ಲಿ ನಮಾಜಿನ ಗದ್ದಲ, ಗುಂಬಜ್ ಮುಂದಿನ ಮ್ಯೂಸಿಯಮ್ಮೂ ರಜೆ. ಏಪ್ರಿಲ್, ಮೇ ಪೂರ್ತಿ ಬಂದ್. ಒಂದು ಸಲ ಹಟ ಹಿಡಿದು ಮೇ ತಿಂಗಳಲ್ಲಿ ಬಂದ ಹೈದರಾಬಾದಿನವರು ಅರಕಿಲ್ಲೆಯಲ್ಲೇ ಕೂತುಬಿಟ್ಟರು, ಮಜ್ಜಿಗೆ ತರಿಸಿ ಆಟೋ ಹತ್ತಿಸಿದೆ.

ಬಾರಾ ಕಮಾನ್ ಬಿಟ್ಟಿದ್ದಕ್ಕೆ ಇವತ್ತಿಗೂ ಬೈಸಿಕೊಳ್ಳುತ್ತೇನೆ. ಫೋಟೊ ಬೇಕೆನ್ನುವವರಿಗೆ ನಾಷ್ಟಾ ಆದ ಮೇಲೆ ಹತ್ತು ನಿಮಿಷ ಬಿಡುವು ಕೊಟ್ಟಿದ್ದೇನೆ, ಹೋಗಿ ತೆಗೆದುಕೊಂಡು ಬರಲಿ.

ನಡುವೆ ನವರಸಪುರದ್ದೊಂದು ಪ್ರಯೋಗ ಮಾಡಿದೆ. ಎರಡನೇ ಇಬ್ರಾಹಿಂ 1599ರಲ್ಲಿ ಕಟ್ಟಲು ಶುರು ಮಾಡಿ, 1624ರಲ್ಲಿ ಅಹ್ಮದ್‌ನಗರದ ಸರದಾರ ಮಲಿಕ್ ಅಂಬರ್ ಹಾಳು ಮಾಡಿದ ಊರು. ಸಂಗೀತ ಮಹಲಿನಲ್ಲಿ ಸಂಜೆ ಹಾಡಿಸೋಣ ಅಂತ ಒಬ್ಬ ಹಾಡುಗಾರರನ್ನೂ ಒಪ್ಪಿಸಿದೆ. ಗಾಡಿ, ಹಾಡುಗಾರರು, ಚಹಾ ಎಲ್ಲ ಸೇರಿ ಮೂರು ಸಾವಿರ ಖರ್ಚು, ಬಂದವರು ಐದು ಜನ. ಹಾಡು ಮಾತ್ರ ಚೆನ್ನಾಗಿತ್ತು. ಹತ್ತು ಜನ ಮೊದಲೇ ದುಡ್ಡು ಕಟ್ಟಿದರೆ ಮತ್ತೆ ಮಾಡುತ್ತೇನೆ.

ಮರಾಠಿಯಲ್ಲಿ ಹೇಳುವ ಭಾನುವಾರದ ಟೂರ್ ನಾನೆಣಿಸಿದ್ದಕ್ಕಿಂತ ಚೆನ್ನಾಗಿ ನಡೆಯುತ್ತಿದೆ. ಸೋಲಾಪುರ ನೂರು ಕಿಲೋಮೀಟರ್, ಬೆಳಗ್ಗೆ ಹೊರಟು ಬರುತ್ತಾರೆ. ಅವರಿಗೆ ಶಹಾಜಿ ಬೇಕು, ಅಫ್ಜಲ್ ಖಾನ್ ಬೇಕು, ಅವನ ಹೆಂಡಿರದು ಅನ್ನುವ ಗೋರಿಗಳ ಸಾಲು ಸಾಠ್ ಕಬರ್ ಬೇಕೇ ಬೇಕು. ಅಫ್ಜಲ್ ಖಾನ್ ಹೆಂಡಿರನ್ನು ಬಾವಿಗೆ ನೂಕಿದ ಅನ್ನುವ ಕಥೆಯನ್ನು ಕಥೆ ಅಂತ ಹೇಳಿಯೇ ತೋರಿಸುತ್ತೇನೆ. ಅದಕ್ಕೆ ಆಟೋ ಬೇರೆ, ತಲೆಗೆ ನೂರು ಜಾಸ್ತಿ. ಅವರು ಚೌಕಾಸಿ ಮಾಡುತ್ತಾರೆ, ಆದರೆ ಹೇಳಿದ ಟೈಮಿಗೆ ಹತ್ತು ನಿಮಿಷ ಮೊದಲೇ ಬಂದಿರುತ್ತಾರೆ.

ಈ ದಸರಾ ರಜೆಯಿಂದ ಐನೂರು ಮಾಡಬೇಕು ಅಂತಿದ್ದೇನೆ. ಟಾಂಗಾದ ಕಾಕಾ ಆಗಲೇ ಐವತ್ತು ಏರಿಸಿದ್ದಾರೆ. ಬುಕಿಂಗ್ ಕಡಿಮೆಯಾದರೆ ನಾನೂರೈವತ್ತಕ್ಕೇ ವಾಪಸ್.